ಫಿಸ್ಟುಲಾ ಉಬ್ಬಿದೆ, ರಕ್ತ ಬೇಗ ನಿಲ್ಲುತ್ತಿಲ್ಲ. ಏನು ಮಾಡಬೇಕು?

ಪ್ರಶ್ನೆ: ನಮ್ಮ ತಂದೆಗೆ 58 ವರ್ಷ. ಸಕ್ಕರೆ ಕಾಯಿಲೆಯಿಂದ ಎರಡೂ ಕಿಡ್ನಿ ಕೆಟ್ಟಿವೆ. ಎರಡು ವರ್ಷದಿಂದ ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೆ ಎರಡು ಸಲ ಡಯಾಲಿಸಿಸ್ ಮಾಡಿಸುತ್ತಿದ್ದೇವೆ. ಎಡಗೈಯಲ್ಲಿ, ಮೊಣಕೈ ಹತ್ತಿರ ಫಿಸ್ಟುಲಾ (ಡಯಾಲಿಸಿಸ್ ಸೂಜಿ ಹಾಕಲು ಆಪರೇಷನ್ ಮಾಡಿ ಜೋಡಿಸಿದ ರಕ್ತನಾಳ) ಇದೆ. ಸೂಜಿಯನ್ನು ಯಾವಾಗಲೂ ಅದೇ ಎರಡು ಜಾಗಕ್ಕೆ ಹಾಕುತ್ತಾರೆ. ಅಲ್ಲಿ ನೋವು ಕಡಿಮೆ ಅಂತ ಅಪ್ಪನೇ ಹೇಳಿ ಹಾಕಿಸಿಕೊಳ್ಳುತ್ತಾರೆ. ಈಗ ಆ ಎರಡು ಕಡೆಯೂ ಗಂಟಿನಂತೆ ಉಬ್ಬಿದೆ. ಸುಮಾರು ಒಂದು ತಿಂಗಳಿಂದ ಸೂಜಿ ತೆಗೆದ ಮೇಲೆ ರಕ್ತ ನಿಲ್ಲಲು ಅರ್ಧ ಗಂಟೆ ಹಿಡಿಯುತ್ತಿದೆ. ಊರಿನವರು ಆ ಕೈಯನ್ನು ಆಡಿಸಲೇಬೇಡಿ ಅನ್ನುತ್ತಾರೆ. ನಮ್ಮ ಚಿಕ್ಕಪ್ಪನಿಗೂ ಸಕ್ಕರೆ ಇದೆ, ಕಿಡ್ನಿ ಎಷ್ಟು ಕೆಟ್ಟಿದೆ ಅಂತ ತೋರಿಸುವ ಕ್ರಿಯಾಟಿನಿನ್ 4 ದಾಟಿದೆ. ಅವರು ಈಗಿನಿಂದಲೇ ಏನಾದರೂ ಎಚ್ಚರ ವಹಿಸಬೇಕಾ? (ಅರಸೀಕೆರೆ ಹತ್ತಿರದ ಒಬ್ಬ ಓದುಗರು)

ಉತ್ತರ: ನಿಮ್ಮ ಪತ್ರದಲ್ಲಿ ಉಬ್ಬಿಗಿಂತ ಜಾಸ್ತಿ ನನ್ನ ಗಮನ ಹೋದದ್ದು ಆ ಅರ್ಧ ಗಂಟೆಯ ಕಡೆಗೆ. ಸೂಜಿ ತೆಗೆದು ಸರಿಯಾಗಿ ಒತ್ತಿ ಹಿಡಿದರೆ ಸಾಮಾನ್ಯವಾಗಿ 10 ನಿಮಿಷಕ್ಕೆ, ಹೆಚ್ಚೆಂದರೆ 15 ನಿಮಿಷಕ್ಕೆ ರಕ್ತ ನಿಲ್ಲಬೇಕು. ಎಂದೋ ಒಂದು ದಿನ ತಡವಾದರೆ ಅದಕ್ಕೆ ಡಯಾಲಿಸಿಸ್ ವೇಳೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಸ್ವಲ್ಪ ಜಾಸ್ತಿ ಆಗಿದ್ದಿರಬಹುದು. ಹೃದಯಕ್ಕೆಂದು ಆಸ್ಪಿರಿನ್ ಅಥವಾ ಕ್ಲೋಪಿಡೋಗ್ರೆಲ್ ಮಾತ್ರೆ ತೆಗೆದುಕೊಳ್ಳುವವರಲ್ಲೂ ಕೊಂಚ ತಡವಾಗುತ್ತದೆ. ಆದರೆ ಮೊದಲು ಬೇಗ ನಿಲ್ಲುತ್ತಿದ್ದದ್ದು ಈಗ ತಿಂಗಳಿಂದ ಪ್ರತಿ ಸಲವೂ ಅರ್ಧ ಗಂಟೆ ತೆಗೆದುಕೊಳ್ಳುತ್ತಿದೆ ಅಂದರೆ, ಸೂಜಿ ಹಾಕುವ ಜಾಗದಿಂದ ಮುಂದೆ, ಭುಜದ ಕಡೆ ಎಲ್ಲೋ ರಕ್ತನಾಳ ಕಿರಿದಾಗಿದೆ ಎಂದೇ ಅನುಮಾನಿಸಬೇಕು. ಇದೇ ವಾರ ಕಿಡ್ನಿ ತಜ್ಞರಿಗೆ ತೋರಿಸಿ, ಫಿಸ್ಟುಲಾದ ಡಾಪ್ಲರ್ ಸ್ಕ್ಯಾನ್ (ರಕ್ತದ ಹರಿವು ನೋಡುವ ಸ್ಕ್ಯಾನ್) ಮಾಡಿಸಿ. ಮಾತ್ರೆಯನ್ನಾಗಲಿ ಹೆಪಾರಿನನ್ನಾಗಲಿ ನೀವೇ ನಿಲ್ಲಿಸಬೇಡಿ.

ಕಿರಿದಾಗುವುದು ಯಾಕೆ ಅನ್ನುವುದು ಗೊತ್ತಾದರೆ ಮುಂದಿನದೆಲ್ಲ ಸುಲಭ. ಡಯಾಲಿಸಿಸ್ ಯಂತ್ರಕ್ಕೆ ನಿಮಿಷಕ್ಕೆ 300 ಮಿಲಿಲೀಟರ್ ಆಸುಪಾಸು ರಕ್ತ ಬೇಕು. ಚರ್ಮದ ಕೆಳಗೆ ಕಾಣುವ ಮಾಮೂಲಿ ನಾಳದಲ್ಲಿ ಅಷ್ಟು ಹರಿಯುವುದಿಲ್ಲ. ಅಷ್ಟು ಹರಿಯುವ ಅಪಧಮನಿ (ಹೃದಯದಿಂದ ರಕ್ತ ತರುವ ನಾಳ) ಒಳಗೆ ಆಳದಲ್ಲಿದೆ. ಅದಕ್ಕೆ ವಾರವಾರ ದಪ್ಪ ಸೂಜಿ ಚುಚ್ಚುವ ಹಾಗಿಲ್ಲ. 1960ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ಅನ್ನುವ ವೈದ್ಯರು ಟೆಫ್ಲಾನ್ ಕೊಳವೆಯನ್ನು ಕೈಯ ಹೊರಗೇ ಕೂರಿಸಿ ದಾರಿ ಮಾಡಿದರು. ಡಯಾಲಿಸಿಸ್ ಮೇಲೆ ವರ್ಷಗಟ್ಟಲೆ ಬದುಕಬಹುದು ಅಂತ ಲೋಕಕ್ಕೆ ಗೊತ್ತಾದದ್ದೇ ಆಗ. ಆದರೆ ಆ ಕೊಳವೆಯಲ್ಲಿ ರಕ್ತ ಹೆಪ್ಪುಗಟ್ಟುತ್ತಿತ್ತು, ಸೋಂಕು ತಗಲುತ್ತಿತ್ತು. 1965ರಲ್ಲಿ ನ್ಯೂಯಾರ್ಕಿನ ಬ್ರೆಸಿಯಾ, ಸಿಮಿನೊ ಮತ್ತು ಅವರ ಸಂಗಡಿಗರು ಮಣಿಕಟ್ಟಿನ ಹತ್ತಿರ ಅಪಧಮನಿಗೆ ಪಕ್ಕದ ಅಭಿಧಮನಿಯನ್ನೇ (ರಕ್ತವನ್ನು ಹೃದಯಕ್ಕೆ ವಾಪಸ್ ಒಯ್ಯುವ ನಾಳ) ಹೊಲಿದು ಸೇರಿಸಿದರು. ಫಿಸ್ಟುಲಾ ಅಂದರೆ ಈ ಜೋಡಣೆಯೇ. ಹೊರಗಿನ ಪ್ಲಾಸ್ಟಿಕ್ ಏನೂ ಇಲ್ಲ, ರೋಗಿಯ ಸ್ವಂತ ನಾಳವೇ ಊದಿ ದಪ್ಪವಾಗಿ ಸೂಜಿಗೆ ಸಿಗುತ್ತದೆ. ಇವತ್ತಿಗೂ ಇದಕ್ಕಿಂತ ಚೆನ್ನಾಗಿ ಬಾಳಿಕೆ ಬರುವ ದಾರಿ ನಮ್ಮಲ್ಲಿಲ್ಲ.

ಒಂದು ತೊಡಕಿದೆ. ಆ ಅಭಿಧಮನಿ ಹುಟ್ಟಿದಾಗಿನಿಂದ ನಿಧಾನ ಹರಿವಿಗೆ ಒಗ್ಗಿದ್ದು. ಈಗ ಅದರ ಮೇಲೆ ಅಪಧಮನಿಯ ಒತ್ತಡ ಬೀಳುತ್ತದೆ. ಹರಿವು ತಿರುಗುವ ಜಾಗಗಳಲ್ಲಿ ಒಳಗೋಡೆ ದಪ್ಪಗಾಗಿ ದಾರಿ ಕಟ್ಟುತ್ತಾ ಬರುತ್ತದೆ. ಮೊಣಕೈ ಫಿಸ್ಟುಲಾದಲ್ಲಿ ಈ ತೊಂದರೆ ಹೆಚ್ಚಾಗಿ ಕಾಣುವುದು ಭುಜದ ಕೆಳಗೆ, ತೋಳಿನ ನಾಳ ಬಾಗಿ ಒಳಗಿನ ದೊಡ್ಡ ನಾಳಕ್ಕೆ ಸೇರುವ ಕಡೆ. ಅಲ್ಲಿ ಕಟ್ಟಿದರೆ ಹಿಂದಿನ ಭಾಗದಲ್ಲಿ ಒತ್ತಡ ಏರುತ್ತದೆ. ಸೂಜಿ ತೆಗೆದ ತೂತಿನಿಂದ ರಕ್ತ ನಿಲ್ಲದಿರುವುದು ಇದಕ್ಕೇ. ಚುಚ್ಚಿ ಚುಚ್ಚಿ ಸಡಿಲವಾದ ಗೋಡೆ ಆ ಒತ್ತಡಕ್ಕೆ ಹೊರಗೆ ಉಬ್ಬುವುದೂ ಇದಕ್ಕೇ. ಅಂದರೆ ನೀವು ಬರೆದಿರುವ ಎರಡು ತೊಂದರೆಗಳಿಗೂ ಮೂಲ ಒಂದೇ ಇರುವ ಸಾಧ್ಯತೆ ಜಾಸ್ತಿ.

ಇದನ್ನು ಮನೆಯಲ್ಲೇ ಸ್ವಲ್ಪ ಮಟ್ಟಿಗೆ ಪರೀಕ್ಷಿಸಬಹುದು. ಅಪ್ಪನನ್ನು ಮಲಗಿಸಿ ಎಡಗೈಯನ್ನು ಮೇಲಕ್ಕೆ ಎತ್ತಿಸಿ. ಆರೋಗ್ಯವಾಗಿರುವ ಫಿಸ್ಟುಲಾ ಕೈ ಎತ್ತಿದಾಗ ಸಡಿಲವಾಗಿ ಸ್ವಲ್ಪವಾದರೂ ಇಳಿಯುತ್ತದೆ. ಎತ್ತಿದ ಮೇಲೂ ಹಾಗೇ ಬಿಗಿಯಾಗಿ ಉಬ್ಬಿಕೊಂಡಿದ್ದರೆ ಮುಂದೆ ಅಡ್ಡಿ ಇದೆ ಅಂತ ಅರ್ಥ. ಇನ್ನೊಂದು ಪರೀಕ್ಷೆ ಬೆರಳಿನದು. ಮೊಣಕೈ ಬಳಿ, ಆಪರೇಷನ್ ಗುರುತಿನ ಮೇಲೆ ಬೆರಳಿಟ್ಟರೆ ಪಂಪ್‌ಸೆಟ್ ಓಡುವಾಗ ಪೈಪಿನ ಮೇಲೆ ಕೈ ಇಟ್ಟಂತೆ ಎಡೆಬಿಡದೆ ಜುಂ ಅನ್ನುವ ನಡುಕ ಸಿಗಬೇಕು. ನಾವು ಇದನ್ನು ಥ್ರಿಲ್ ಅನ್ನುತ್ತೇವೆ. ನಡುಕ ಹೋಗಿ ಬರೀ ಡಬ್ ಡಬ್ ಎಂದು ನಾಡಿಯ ಹಾಗೆ ಗಟ್ಟಿಯಾಗಿ ಬಡಿಯುತ್ತಿದ್ದರೆ ಅದೂ ಅಡ್ಡಿಯ ಸೂಚನೆ. ಭುಜದ ಹತ್ತಿರ ಒಂದೇ ಕಡೆ ನಡುಕ ಜೋರಾಗಿದ್ದರೆ ಆ ಜಾಗವನ್ನು ವೈದ್ಯರಿಗೆ ತೋರಿಸಿ.

ಆಸ್ಪತ್ರೆಯಲ್ಲೂ ಒಂದು ಸುಳಿವು ಸುಮ್ನೆ ಬಿದ್ದಿರುತ್ತದೆ. ಪ್ರತಿ ಡಯಾಲಿಸಿಸ್‌ನಲ್ಲೂ ಯಂತ್ರ ವೀನಸ್ ಪ್ರೆಷರ್ (ರಕ್ತ ಮೈಗೆ ವಾಪಸ್ ಹೋಗುವಾಗಿನ ಒತ್ತಡ) ತೋರಿಸುತ್ತದೆ, ಟೆಕ್ನಿಷಿಯನ್ ಅದನ್ನು ಚಾರ್ಟಿನಲ್ಲಿ ಬರೆದಿರುತ್ತಾರೆ. ಮೂರು ತಿಂಗಳ ಹಿಂದಿನ ಚಾರ್ಟನ್ನೂ ಈಗಿನದನ್ನೂ ಪಕ್ಕಪಕ್ಕ ಇಟ್ಟು ನೋಡಲು ಕೇಳಿ. ಒಂದೇ ಪಂಪ್ ವೇಗಕ್ಕೆ, ಒಂದೇ ಸೈಜಿನ ಸೂಜಿಗೆ ಪ್ರೆಷರ್ ಏರುತ್ತಲೇ ಬಂದಿದ್ದರೆ ಡಾಪ್ಲರ್ ಬರುವ ಮೊದಲೇ ಅರ್ಧ ಉತ್ತರ ಸಿಕ್ಕಿದ ಹಾಗೆ. ಒಂದು ದಿನದ ಅಂಕಿಯಿಂದ ಏನೂ ಹೇಳಲಾಗದು. ಏರಿಕೆಯನ್ನು ನೋಡಬೇಕು.

ಡಾಪ್ಲರ್‌ನಲ್ಲಿ ಕಿರಿದಾದದ್ದು ಕಂಡರೆ ಹೆದರಬೇಡಿ. ನಾಳದೊಳಗೆ ಬಣ್ಣದ ಔಷಧಿ ಬಿಟ್ಟು ಎಕ್ಸ್-ರೇಯಲ್ಲಿ ಜಾಗ ಗುರುತಿಸಿ, ಬಲೂನ್ ಊದಿ ಅಗಲ ಮಾಡುತ್ತಾರೆ. ಹೃದಯಕ್ಕೆ ಮಾಡುವ ಆಂಜಿಯೋಪ್ಲಾಸ್ಟಿಯ ಬಗೆಯದ್ದೇ. ಒಂದು ಸಲ ಮಾಡಿಸಿದರೆ ಜೀವನಪೂರ್ತಿ ಆಯಿತು ಅಂತಲ್ಲ. ಕೆಲವು ತಿಂಗಳಲ್ಲಿ ಮತ್ತೆ ಕಿರಿದಾಗಬಹುದು, ಮತ್ತೆ ಮಾಡಬೇಕಾಗಬಹುದು. ಆದರೂ ಇರುವ ಫಿಸ್ಟುಲಾ ಉಳಿಸಿಕೊಳ್ಳುವುದು ಹೊಸದು ಮಾಡಿಸುವುದಕ್ಕಿಂತ ಮೇಲು, ಯಾಕಂದರೆ ಕೈಯಲ್ಲಿ ಜಾಗ ಲೆಕ್ಕದ್ದು. ಮೊಣಕೈಯದ್ದು ಹೋದರೆ ಅದೇ ಕೈಯ ಮಣಿಕಟ್ಟಿಗೆ ಹಿಂದಿರುಗಲು ಹೆಚ್ಚಾಗಿ ಆಗುವುದಿಲ್ಲ. ಖರ್ಚಿನ ಬಗ್ಗೆ ಒಂದು ಮಾತು. ಡಯಾಲಿಸಿಸ್ ಉಚಿತವಾಗಿ ಆಗುತ್ತಿದೆ ಎಂದ ಮಾತ್ರಕ್ಕೆ ಫಿಸ್ಟುಲಾ ರಿಪೇರಿಯೂ ಅದರಲ್ಲೇ ಸೇರಿದೆ ಅಂದುಕೊಳ್ಳಬೇಡಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡ್ ಇದ್ದರೆ ದೊಡ್ಡ ಆಸ್ಪತ್ರೆಗೆ ಹೊರಡುವ ಮುಂಚೆಯೇ ಆಸ್ಪತ್ರೆಯಲ್ಲಿ ಈ ಯೋಜನೆ ನೋಡಿಕೊಳ್ಳುವ ಆರೋಗ್ಯ ಮಿತ್ರರನ್ನು ಕೇಳಿ, ರೆಫರಲ್ ಪತ್ರ ಬರೆಸಿಕೊಳ್ಳಿ. ಪತ್ರವಿಲ್ಲದೆ ಹೋಗಿ ವಾಪಸ್ ಬಂದವರನ್ನು ತುಂಬಾ ನೋಡಿದ್ದೇನೆ.

ಈಗ ಉಬ್ಬಿನ ವಿಷಯ. ಎಲ್ಲ ಉಬ್ಬೂ ಅಪಾಯವಲ್ಲ. ವರ್ಷಗಟ್ಟಲೆ ಹಾಗೇ ಇರುವವೂ ಉಂಟು. ನೋಡಬೇಕಾದದ್ದು ಮೇಲಿನ ಚರ್ಮವನ್ನು. ಚರ್ಮವನ್ನು ಎರಡು ಬೆರಳಲ್ಲಿ ಚಿವುಟಿ ಎತ್ತಲು ಬಂದರೆ ಸದ್ಯಕ್ಕೆ ಪರವಾಗಿಲ್ಲ. ಚರ್ಮ ತೆಳುವಾಗಿ ಹೊಳೆಯುತ್ತಿದ್ದರೆ, ಬಣ್ಣ ಬದಲಾಗಿದ್ದರೆ, ಸೂಜಿ ಗಾಯದ ಹಕ್ಕಳೆ ಮುಂದಿನ ಡಯಾಲಿಸಿಸ್ ಹೊತ್ತಿಗೂ ಒಣಗಿ ಬೀಳದೆ ದೊಡ್ಡದಾಗುತ್ತಿದ್ದರೆ, ಕೀವು ಕಂಡರೆ, ಅಥವಾ ಸೂಜಿ ಹಾಕದ ದಿನ ತಾನಾಗಿ ಒಂದು ಹನಿ ರಕ್ತ ಬಂದು ನಿಂತರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಒಂದು ಹನಿ ತಾನೇ ಅಂತ ಬಿಡಬೇಡಿ. ಅಂಥ ಜಾಗ ಒಡೆದರೆ ನಿಮಿಷಗಳಲ್ಲಿ ಜೀವಕ್ಕೆ ಅಪಾಯ. ಫಿಸ್ಟುಲಾದಲ್ಲಿ ನಿಮಿಷಕ್ಕೆ ಅರ್ಧ ಲೀಟರಿಗಿಂತ ಜಾಸ್ತಿ ರಕ್ತ ಓಡುತ್ತಿರುತ್ತದೆ, ಮೊಣಕೈಯದ್ದಾದರೆ ಇನ್ನೂ ಹೆಚ್ಚು.

ಹಾಗೆ ಒಡೆದರೆ ಏನು ಮಾಡಬೇಕು ಅನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿರಬೇಕು, ಮಕ್ಕಳಿಗೂ ಕೂಡ. ಟವೆಲ್ ಸುತ್ತಬೇಡಿ. ಟವೆಲ್ ರಕ್ತ ಕುಡಿಯುತ್ತದೆಯೇ ಹೊರತು ತೂತನ್ನು ಮುಚ್ಚುವುದಿಲ್ಲ, ಎಷ್ಟು ಹೋಯಿತು ಅಂತಲೂ ತಿಳಿಯದು. ತೂತಿನ ಮೇಲೇ ಬೆರಳಿಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ನೀರಿನ ಬಾಟಲಿಯ ಮುಚ್ಚಳ ಕೈಗೆ ಸಿಕ್ಕರೆ ಅದರ ಪೊಳ್ಳು ಭಾಗ ಚರ್ಮಕ್ಕೆ ತಾಗುವ ಹಾಗೆ ತೂತಿನ ಮೇಲೆ ಕವುಚಿ ಒತ್ತಿ. ಇಂಗ್ಲೆಂಡಿನ ಡಯಾಲಿಸಿಸ್ ರೋಗಿಗಳಿಗೆ ಇದನ್ನೇ ಕಲಿಸುತ್ತಾರೆ. ಮಲಗಿಸಿ, ಕೈ ಎತ್ತಿ ಹಿಡಿದು, 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರುವ ತನಕ ಕೈ ತೆಗೆದು ನೋಡಬೇಡಿ.

ಸೂಜಿಯನ್ನು ಅದೇ ಜಾಗಕ್ಕೆ ಹಾಕಿಸಿಕೊಳ್ಳುವುದರಲ್ಲಿ ನಿಮ್ಮ ಅಪ್ಪನ ತಪ್ಪೇನೂ ಇಲ್ಲ. ಪದೇ ಪದೇ ಚುಚ್ಚಿದ ಕಡೆ ಗಾಯದ ಚರ್ಮ ಬೆಳೆದು ಮರಗಟ್ಟುತ್ತದೆ, ನೋವು ಕಡಿಮೆ ಆಗುವುದು ನಿಜ. ಟೆಕ್ನಿಷಿಯನ್‌ಗೂ ಅದೇ ಸಲೀಸು. ಉಬ್ಬಿದ ಜಾಗ ಕಣ್ಣಿಗೆ ಕಾಣುತ್ತದೆ, ಮೊದಲ ಸಲಕ್ಕೇ ಸಿಗುತ್ತದೆ, ಹೊರಗೆ ಮುಂದಿನ ಪಾಳಿಯವರು ಕಾದು ಕೂತಿರುತ್ತಾರೆ. ಇಬ್ಬರಿಗೂ ಅನುಕೂಲವಾದ ಈ ಒಪ್ಪಂದದಿಂದ ಹಾಳಾಗುವುದು ಮಾತ್ರ ನಾಳದ ಗೋಡೆ. ಆ ಎರಡು ಜಾಗ ಉಬ್ಬುತ್ತದೆ, ಅವುಗಳ ನಡುವಿನ ಭಾಗ ಬಳಕೆಯಿಲ್ಲದೆ ಕಿರಿದಾಗುತ್ತದೆ.

ಸರಿಯಾದ ಕ್ರಮವನ್ನು ರೋಪ್ ಲ್ಯಾಡರ್ (ಹಗ್ಗದ ಏಣಿ) ಅನ್ನುತ್ತೇವೆ. ಫಿಸ್ಟುಲಾದ ಉದ್ದಕ್ಕೂ ಸಿಗುವ ಜಾಗವನ್ನೆಲ್ಲ ಬಳಸಬೇಕು. ಪ್ರತಿ ಸಲ ಹಿಂದಿನ ಗುರುತಿನಿಂದ ಅರ್ಧ ಸೆಂಟಿಮೀಟರಿಗೂ ಸ್ವಲ್ಪ ಜಾಸ್ತಿ ಮೇಲಕ್ಕೆ ಹೋಗಿ, ತುದಿ ಮುಟ್ಟಿದ ಮೇಲೆ ಮತ್ತೆ ಕೆಳಗಿನಿಂದ ಶುರು ಮಾಡಬೇಕು. ಹೊಲಿಗೆ ಇರುವ ಜಾಗದಿಂದ ಮೂರು ಬೆರಳಿನಷ್ಟಾದರೂ ದೂರವಿರಬೇಕು. ಎರಡು ಸೂಜಿಗಳ ನಡುವೆ ಸುಮಾರು 5 ಸೆಂಟಿಮೀಟರ್ ಅಂತರ ಬೇಕು. ತೀರಾ ಹತ್ತಿರವಾದರೆ ಶುದ್ಧವಾಗಿ ಬಂದ ರಕ್ತವೇ ಮತ್ತೆ ಯಂತ್ರದೊಳಕ್ಕೆ ಹೋಗಿ ಡಯಾಲಿಸಿಸ್ ಅರೆಬರೆ ಆಗುತ್ತದೆ. ಈಗ ಉಬ್ಬಿರುವ ಎರಡು ಜಾಗಕ್ಕೆ ಇನ್ನು ಸೂಜಿ ಬೇಡವೇ ಬೇಡ. ಬೇರೆ ಎಲ್ಲಿ ಹಾಕಬಹುದು ಅಂತ ಡಾಪ್ಲರ್ ಮಾಡುವಾಗಲೇ ಪೆನ್ನಿನಲ್ಲಿ ಗುರುತು ಹಾಕಿಸಿ, ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಆ ಫೋಟೋ ಟೆಕ್ನಿಷಿಯನ್‌ಗೆ ಬಹಳ ಉಪಯೋಗಕ್ಕೆ ಬರುತ್ತದೆ.

ಹೊಸ ಜಾಗದಲ್ಲಿ ಮೊದಮೊದಲು ನೋವಾಗುತ್ತದೆ. ಅದಕ್ಕೆ ಮರಗಟ್ಟಿಸುವ ಲಿಡೋಕೇನ್–ಪ್ರಿಲೋಕೇನ್ ಮುಲಾಮು ಸಿಗುತ್ತದೆ. ವೈದ್ಯರನ್ನು ಕೇಳಿ ಬರೆಸಿಕೊಂಡು, ಡಯಾಲಿಸಿಸ್‌ಗೆ ಒಂದು ಗಂಟೆ ಮೊದಲು ಹಚ್ಚಿ ಪ್ಲಾಸ್ಟಿಕ್ ಹಾಳೆ ಮುಚ್ಚಿರಲಿ. ಸೂಜಿ ಹಾಕುವ ಮುಂಚೆ ಪೂರ್ತಿ ತೊಳೆಯಬೇಕು. ಒಂದು ತಿಂಗಳು ಕಳೆದರೆ ಹೆಚ್ಚಿನವರಿಗೆ ಮುಲಾಮು ಬೇಡವಾಗುತ್ತದೆ.

ಬಟನ್‌ಹೋಲ್ ಅನ್ನುವ ಪದ್ಧತಿಯಲ್ಲಿ ಒಂದೇ ತೂತಿಗೆ ಹಾಕುತ್ತಾರಲ್ಲ ಅಂತ ಕೆಲವರು ವಾದಿಸುತ್ತಾರೆ. ಅದು ಬೇರೆ. ಅಲ್ಲಿ ಶುರುವಿನಲ್ಲಿ ಒಬ್ಬರೇ ಅದೇ ತೂತು, ಅದೇ ಕೋನ, ಅದೇ ಆಳಕ್ಕೆ ಹಾಕುತ್ತಾ ಹೋಗಿ ದಾರಿ ಕೂಡಿಸುತ್ತಾರೆ, ಆಮೇಲೆ ಮೊಂಡು ಸೂಜಿ ಬಳಸುತ್ತಾರೆ. ಅದರಲ್ಲೂ ಸೋಂಕಿನ ಅಪಾಯ ಜಾಸ್ತಿ. ಪಾಳಿಗೊಬ್ಬರು ಸೂಜಿ ಹಾಕುವ ನಮ್ಮ ತಾಲ್ಲೂಕು ಕೇಂದ್ರಗಳಿಗೆ ಅದು ಹೊಂದುವುದಿಲ್ಲ ಅಂತ ನನ್ನ ಅಭಿಪ್ರಾಯ.

ಸೂಜಿ ತೆಗೆದ ಮೇಲೆ ಒತ್ತುವುದರಲ್ಲೂ ತಪ್ಪಾಗುತ್ತದೆ. ಸೂಜಿ ಪೂರ್ತಿ ಹೊರಗೆ ಬಂದ ಮೇಲೆಯೇ ಒತ್ತಬೇಕು. ಅರ್ಧ ಒಳಗಿರುವಾಗ ಒತ್ತಿದರೆ ಅದರ ಮೊನೆ ಗೋಡೆಯನ್ನು ಸೀಳುತ್ತದೆ. ಎರಡು ಬೆರಳಲ್ಲಿ, ರಕ್ತ ನಿಲ್ಲುವಷ್ಟು ಮಾತ್ರ ಒತ್ತಬೇಕು. ಒತ್ತಿ ಹಿಡಿದಾಗಲೂ ಪಕ್ಕದಲ್ಲಿ ಥ್ರಿಲ್ ಸಿಗುತ್ತಿರಬೇಕು, ಸಿಗದಿದ್ದರೆ ಒತ್ತಡ ಜಾಸ್ತಿ ಆಯಿತು. 10 ನಿಮಿಷ ಇಣುಕಿ ನೋಡಬಾರದು. ಕೈ ಸುತ್ತ ಬಿಗಿಯಾಗಿ ಬ್ಯಾಂಡೇಜ್ ಸುತ್ತಿಸಿಕೊಂಡು, ಬಸ್ಸಿನಲ್ಲಿ ನಿದ್ದೆ ಹೋಗಿ, ಮನೆಗೆ ಬಂದು ಅದನ್ನು ಬಿಚ್ಚದೇ ಮಲಗುವವರಿದ್ದಾರೆ. ಬೆಳಿಗ್ಗೆ ನೋಡಿದರೆ ಥ್ರಿಲ್ ನಿಂತಿರುತ್ತದೆ. ಪಟ್ಟಿ ಕೈಯ ಸುತ್ತ ಬಳಸಿ ಬರಬಾರದು. ರಕ್ತ ನಿಂತ ಮೇಲೆ ಕೆಲವು ಗಂಟೆಗಳಲ್ಲಿ ತೆಗೆದುಬಿಡಿ.

ಕೈ ಆಡಿಸಲೇಬೇಡಿ ಅನ್ನುವ ಊರಿನವರ ಮಾತು ತಪ್ಪು. ಆ ಕೈಯಲ್ಲಿ ಊಟ, ಬಟ್ಟೆ ಒಗೆಯುವುದು, ಬೈಕ್ ಓಡಿಸುವುದು, ತೋಟದ ಸಣ್ಣಪುಟ್ಟ ಕೆಲಸ ಎಲ್ಲ ಆಗುತ್ತದೆ. ಮೃದುವಾದ ಚೆಂಡು ಹಿಚುಕುವುದು ಒಳ್ಳೆಯದೇ. ಬೇಡವಾದದ್ದು ಹಾಲಿನ ಕ್ಯಾನು, ಗೊಬ್ಬರದ ಮೂಟೆಯಂಥ ಭಾರವನ್ನು ಆ ಕೈಗೆ ಜೋತುಹಾಕುವುದು, ಹಸುವಿನ ಹಗ್ಗ ಆ ಕೈಗೆ ಸುತ್ತಿಕೊಳ್ಳುವುದು, ತಲೆಯ ಕೆಳಗೆ ಇಟ್ಟು ಮಲಗುವುದು. ವಾಚು, ಬಿಗಿ ತೋಳಿನ ಅಂಗಿ, ದೇವಸ್ಥಾನದಲ್ಲಿ ಕಟ್ಟಿಸಿಕೊಂಡ ಬಿಗಿ ದಾರ ಬಲಗೈಗೆ ಹೋಗಲಿ. ಹೆಂಗಸರಿಗೆ ನಾನು ರವಿಕೆಯ ಎಡತೋಳನ್ನು ಸಡಿಲ ಮಾಡಿಸಿಕೊಳ್ಳಿ, ಬಳೆ ಸಡಿಲವಾಗಿರಲಿ ಅಂತ ಹೇಳುತ್ತೇನೆ. ಬಿಪಿ ನೋಡುವುದು, ರಕ್ತ ತೆಗೆಯುವುದು, ಡ್ರಿಪ್, ಇನ್ಸುಲಿನ್ ಯಾವುದೂ ಎಡಗೈಗೆ ಬೇಡ. ಎಣ್ಣೆ ಹಾಕಿ ತಿಕ್ಕುವುದೂ ಬೇಡ.

ಇಷ್ಟೆಲ್ಲ ಮಾಡಿದರೂ ಒಂದು ಕಡೆ ಜನ ಸೋಲುತ್ತಾರೆ, ಅದು ಉಪ್ಪು. ಉಪ್ಪಿಗೂ ಫಿಸ್ಟುಲಾಗೂ ಏನು ಸಂಬಂಧ ಅನ್ನಿಸಬಹುದು. ವಾರಕ್ಕೆ ಎರಡೇ ಡಯಾಲಿಸಿಸ್ ಅಂದರೆ ನಡುವೆ ಮೂರು, ನಾಲ್ಕು ದಿನದ ಬಿಡುವು. ಉಪ್ಪಿನಕಾಯಿ, ಹಪ್ಪಳ, ಖಾರದ ಸಾರು ತಿಂದರೆ ಬಾಯಾರಿಕೆ ತಡೆಯಲಾಗದು. ಸಕ್ಕರೆ ಏರಿದರೂ ಅಷ್ಟೇ. ನಾಲ್ಕು ಕಿಲೋ ನೀರು ಹೊತ್ತುಕೊಂಡು ಬಂದವರಿಂದ ನಾಲ್ಕು ಗಂಟೆಯಲ್ಲಿ ಅಷ್ಟನ್ನೂ ಎಳೆದರೆ ಬಿಪಿ ಕುಸಿಯುತ್ತದೆ. ಬಿಪಿ ಕುಸಿದಾಗ ಫಿಸ್ಟುಲಾದ ಹರಿವು ನಿಧಾನವಾಗುತ್ತದೆ, ಮೊದಲೇ ಕಿರಿದಾದ ಕಡೆ ರಕ್ತ ಹೆಪ್ಪುಗಟ್ಟುತ್ತದೆ. ವಾಂತಿ ಭೇದಿ ಆದಾಗಲೂ ಹೀಗೇ ಆಗಬಹುದು. ಡಯಾಲಿಸಿಸ್‌ನಲ್ಲಿ ಅಪ್ಪನಿಗೆ ಪದೇ ಪದೇ ತಲೆ ಸುತ್ತಿ ಬಿಪಿ ಇಳಿಯುತ್ತಿದ್ದರೆ ಡ್ರೈ ವೇಟ್ (ಮೈಯಲ್ಲಿ ಹೆಚ್ಚಿನ ನೀರಿಲ್ಲದಾಗಿನ ತೂಕ) ಸರಿಯಿದೆಯಾ, ಆ ಬೆಳಿಗ್ಗೆಯ ಬಿಪಿ ಮಾತ್ರೆ ಬೇಕಾ ಅಂತ ವೈದ್ಯರನ್ನು ಕೇಳಿ.

ಬೆಳಿಗ್ಗೆ ಎದ್ದಾಗ, ರಾತ್ರಿ ಮಲಗುವಾಗ ಥ್ರಿಲ್ ನೋಡಿಕೊಳ್ಳುವುದು ಅಪ್ಪನ ಕೆಲಸ. ಡಯಾಲಿಸಿಸ್ ಮುಗಿಸಿ ಮನೆಗೆ ಬಂದ ಮೇಲೂ ಒಮ್ಮೆ ನೋಡಬೇಕು. ಥ್ರಿಲ್ ಸಿಗದಿದ್ದರೆ ಮುಂದಿನ ಡಯಾಲಿಸಿಸ್ ದಿನ ಹೇಳಿದರಾಯಿತು ಅನ್ನಬೇಡಿ. ಭಾನುವಾರವಾದರೂ ಸರಿ, ಹಬ್ಬವಾದರೂ ಸರಿ, ಅದೇ ದಿನ ಹೊರಡಿ. ಒಂದೆರಡು ದಿನದೊಳಗೆ ಆ ಹೆಪ್ಪು ತೆಗೆದು ಫಿಸ್ಟುಲಾ ಉಳಿಸಲು ಅವಕಾಶವಿರುತ್ತದೆ. ತಡವಾದಷ್ಟೂ ಅದು ಕಡಿಮೆ. ಕತ್ತಿಗೆ ಪೈಪು ಹಾಕಿ ಡಯಾಲಿಸಿಸ್ ಮುಂದುವರಿಸೋಣ ಅಂತ ಹೇಳಿದರೆ ಒಪ್ಪಿ, ಆದರೆ ಫಿಸ್ಟುಲಾ ಉಳಿಸಲು ಎಲ್ಲಿಗೆ ಹೋಗಬೇಕು ಅಂತ ಅದೇ ಉಸಿರಿನಲ್ಲಿ ಕೇಳಿ. ಪೈಪು ಕತ್ತಿನ ಬಲಬದಿಗೆ ಇರಲಿ. ಕಾಲರ್ ಮೂಳೆಯ ಕೆಳಗೆ ಹಾಕಿದರೆ ಆ ಬದಿಯ ದೊಡ್ಡ ನಾಳ ಕಿರಿದಾಗಿ ಆ ಕೈಯೇ ಫಿಸ್ಟುಲಾಗೆ ಬರದಂತಾಗಬಹುದು.

ಅಪ್ಪನಿಗೆ ಸಕ್ಕರೆ ಇರುವುದರಿಂದ ಇನ್ನೆರಡು ಮಾತು. ಡಯಾಲಿಸಿಸ್‌ಗೆ ಕೂರುವ ಮುಂಚೆ ಆ ಕೈಯನ್ನು ಸೋಪು ಹಾಕಿ ತೊಳೆದುಕೊಳ್ಳಬೇಕು, ಹಕ್ಕಳೆ ಕೀಳಬಾರದು, ಚಳಿಜ್ವರ ಬಂದರೆ ಬರೀ ಪ್ಯಾರಾಸಿಟಮಾಲ್ ನುಂಗಿ ಸುಮ್ಮನಾಗಬಾರದು. ಎಡಗೈ ಬೆರಳು ತಣ್ಣಗಾಗಿ ಬಿಳಿಚಿಕೊಂಡರೆ, ಡಯಾಲಿಸಿಸ್ ವೇಳೆ ನೋವು ಜಾಸ್ತಿಯಾದರೆ, ಬೆರಳ ತುದಿಯಲ್ಲಿ ಗಾಯವಾದರೆ ಫಿಸ್ಟುಲಾ ಅಂಗೈಯ ರಕ್ತವನ್ನು ಕದಿಯುತ್ತಿದೆ ಅಂತ. ಮೊಣಕೈ ಫಿಸ್ಟುಲಾ ಇರುವ ಸಕ್ಕರೆ ರೋಗಿಗಳಲ್ಲಿ ಇದು ಹೆಚ್ಚು. ತಡಮಾಡದೆ ತೋರಿಸಿ.

ಚಿಕ್ಕಪ್ಪನ ವಿಷಯ ಕೇಳಿದ್ದು ಒಳ್ಳೆಯದಾಯಿತು, ಯಾಕಂದರೆ ಅವರ ಕೈಯಲ್ಲಿ ಇನ್ನೂ ಎಲ್ಲ ನಾಳವೂ ಉಳಿದಿವೆ. ನಮ್ಮಲ್ಲಿ ಸುಸ್ತು ಅಂದ ಕೂಡಲೇ ಕ್ಲಿನಿಕ್ಕಿಗೆ ಹೋಗಿ ಗ್ಲೂಕೋಸ್ ಬಾಟಲಿ ಹಾಕಿಸಿಕೊಳ್ಳುವ ಅಭ್ಯಾಸವಿದೆ. ಕಿಡ್ನಿ ಕಾಯಿಲೆಯವರಿಗೆ ಅದರಿಂದ ಲಾಭವಿಲ್ಲ, ಮುಂಗೈಯ ಒಳ್ಳೆಯ ನಾಳ ಮಾತ್ರ ಹಾಳಾಗುತ್ತದೆ. ಕ್ಯಾನುಲಾ ಹಾಕಿದ ನಾಳ ಗಟ್ಟಿಯಾಗಿ ಮುಚ್ಚಿಹೋದರೆ ಫಿಸ್ಟುಲಾಗೆ ಬಾರದು. ಅವರು ಬಲಗೈ ಬಳಸುವವರಾದರೆ ಎಡಗೈಯನ್ನು ಈಗಿನಿಂದಲೇ ಮುಟ್ಟಲು ಬಿಡಬೇಡಿ. ರಕ್ತ ತೆಗೆಯಬೇಕೆಂದರೆ ಬಲಗೈಯ ಅಂಗೈ ಹಿಂಭಾಗದಿಂದ ತೆಗೆಯಲಿ. ಫೈಲಿನ ಮೇಲೆ ದಪ್ಪಕ್ಷರದಲ್ಲಿ ‘ಎಡಗೈಗೆ ಸೂಜಿ ಬೇಡ’ ಅಂತ ಬರೆದಿಡಿ. ಮುಂದಿನ ಬಾರಿ ಕಿಡ್ನಿ ತಜ್ಞರ ಬಳಿ ಹೋದಾಗ ಫಿಸ್ಟುಲಾ ಯಾವಾಗ ಮಾಡಿಸಬೇಕು ಅಂತ ಚಿಕ್ಕಪ್ಪನೇ ಕೇಳಲಿ. ಫಿಸ್ಟುಲಾ ಮಾಡಿದ ದಿನವೇ ಬಳಸಲಾಗುವುದಿಲ್ಲ. ಬಲಿಯಲು ಆರು ವಾರವಾದರೂ ಬೇಕು, ಸಕ್ಕರೆ ಇರುವವರಿಗೆ ಮೂರು ತಿಂಗಳೂ ಹಿಡಿಯಬಹುದು, ಕೆಲವೊಮ್ಮೆ ಮೊದಲನೆಯದು ಬಲಿಯದೆ ಎರಡನೆಯದು ಮಾಡಬೇಕಾಗುತ್ತದೆ. ಬರುವ ಒಂದು ವರ್ಷದೊಳಗೆ ಡಯಾಲಿಸಿಸ್ ಬೇಕಾಗುವಂತಿದ್ದರೆ ಎರಡೂ ಕೈಯ ನಾಳಗಳ ಡಾಪ್ಲರ್ ಮಾಡಿಸಿ, ಸರ್ಜನ್‌ಗೆ ತೋರಿಸುವ ಹೊತ್ತು ಬಂದಿದೆ. ಹೊಟ್ಟೆಯ ಮೂಲಕ ಮನೆಯಲ್ಲೇ ಮಾಡಿಕೊಳ್ಳುವ ಪೆರಿಟೋನಿಯಲ್ ಡಯಾಲಿಸಿಸ್ ಅವರಿಗೆ ಹೊಂದುತ್ತದೆಯಾ ಅಂತಲೂ ಅದೇ ದಿನ ಕೇಳಿ. ಅದಕ್ಕೆ ಫಿಸ್ಟುಲಾ ಬೇಕಿಲ್ಲ.